ಹಾರಿಸಿದ ಎರಡು ಅಧ್ಯಾಯಗಳು

ಬನ್ನಿಮಂಟಪದ ಕಡೆಗಿದ್ದ ನಮ್ಮ ಮನೆಯಲ್ಲಿ ಸತ್ಯವೇದ ಓದಿ ಮುಗಿಸುವವರೆಗೆ ಯಾರಿಗೂ ಕಾಫಿ ಇರಲಿಲ್ಲ. ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು, ನನಗೆ ಹನ್ನೊಂದು. ಆ ವರ್ಷದ ಬೆಳಗುಗಳೆಲ್ಲ ಈಗ ಒಂದೇ ಉದ್ದನೆಯ ಬೆಳಗಾಗಿ ನೆನಪಾಗುತ್ತವೆ. ಹೊರಗೆ ಮೈದಾನದ ಮೇಲೆ ಮಂಜು, ಅಡುಗೆಮನೆಯಲ್ಲಿ ಡಿಕಾಕ್ಷನ್ ಇಳಿಯುವ ವಾಸನೆ, ಗೋಡೆಯಾಚೆ ಪಕ್ಕದ ಲಿಂಗಾಯತರ ಮನೆಯಲ್ಲಿ ಪೂಜೆಯ ಗಂಟೆ. ಆ ಗಂಟೆ ಕೇಳಿದೊಡನೆ ಅಪ್ಪ ನನ್ನ ಹೊದಿಕೆ ಎಳೆಯುತ್ತಿದ್ದರು. ಶಿವನ ಗಂಟೆಗೆ ಎದ್ದು ಯೇಸುವಿನ ಮಾತು ಓದುವ ಮನೆ ನಮ್ಮದು ಎಂದು ನಾನು ಆಗಲೇ ತಮಾಷೆ ಮಾಡುತ್ತಿದ್ದೆ.

ಓದುವವಳು ನಾನು, ಕೇಳುವವರು ಅಜ್ಜಿ. ನಲವತ್ತು ವರ್ಷ ದಿನಕ್ಕೊಂದು ಅಧ್ಯಾಯದಂತೆ, ಮೊದಲ ಪುಟದಿಂದ ಕೊನೆಯವರೆಗೆ, ಮತ್ತೆ ಮೊದಲಿನಿಂದ, ತಾವೇ ಓದಿಕೊಂಡು ಬಂದವರು ಅವರು. ಈಗ ಕಣ್ಣಿಗೆ ಪೊರೆ ಬಂದು ಅಕ್ಷರ ಕಾಣುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇತ್ತು. ಓದಿದ ಮೇಲೆ ಮನೆಯ ಹಿರಿಯರು ಪ್ರಾರ್ಥನೆ ಹೇಳುವುದು ನಮ್ಮಲ್ಲಿ ರೂಢಿ. ಚಿಕ್ಕಪ್ಪ ತೀರಿಹೋದ ದಿನದಿಂದ ಅಜ್ಜಿ ಪ್ರಾರ್ಥನೆ ಬಿಟ್ಟಿದ್ದರು. ಓದು ಮುಗಿದರೆ ಅಪ್ಪನ ಕಡೆ ಮುಖ ತಿರುಗಿಸಿ, "ನೀನೇ ಹೇಳ್ಬುಡಪ್ಪ" ಎನ್ನುತ್ತಿದ್ದರು.

ಚಿಕ್ಕಪ್ಪ ಮದುವೆಯ ವಿಷಯಕ್ಕೆ ಅಜ್ಜಿಯೊಡನೆ ಜಗಳವಾಡಿ ಹುಬ್ಬಳ್ಳಿಗೆ ಹೋಗಿದ್ದ. "ನಿನ್ ಮುಖ ನಂಗೆ ತೋರಿಸ್ಬೇಡ" ಎಂದು ಅಜ್ಜಿ ಬಾಗಿಲಲ್ಲಿ ನಿಂತು ಹೇಳಿದ್ದು ನನಗೆ ನೆನಪಿದೆ. ಅಲ್ಲೇ ಟೈಫಾಯ್ಡ್ ಬಂದು ಸತ್ತ. ನಮಗೆ ತಂತಿ ತಲುಪುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ಅಜ್ಜಿ ಒಂದು ಹನಿ ಕಣ್ಣೀರು ಹಾಕಲಿಲ್ಲ. ಅವರ ನಂಬಿಕೆ ಎಲ್ಲಿ ಪೂರ್ತಿ ಬತ್ತಿಹೋಗುತ್ತದೋ ಎಂದು ಅಪ್ಪನಿಗೆ ಭಯ. ತಾಯಿಯೊಡನೆ ವಾದಿಸುವ ಧೈರ್ಯವಿಲ್ಲದೆ ನನ್ನ ಕೈಗೆ ಪುಸ್ತಕ ಕೊಟ್ಟು, "ದಿನಾ ಒಂದೊಂದು ಅಧ್ಯಾಯ ಕಿವಿಗೆ ಬೀಳ್ತಾ ಇರ್ಲಿ ಕಣಮ್ಮ. ಮಿಕ್ಕಿದ್ದು ದೇವರು ನೋಡ್ಕೋತಾನೆ" ಎಂದಿದ್ದರು.

ನನಗೆ ಓದುವ ಜಂಬ ಬಹಳ. ಎಲ್ಲೂ ತೊಡರಬಾರದೆಂದು ಹಿಂದಿನ ಸಂಜೆಯೇ ಒಮ್ಮೆ ಓದಿಕೊಳ್ಳುತ್ತಿದ್ದೆ. ಹಾಗೆ ಓದಿಕೊಳ್ಳುವಾಗ ಅರಸನೊಬ್ಬನ ಮಗ ಸಾಯುವ ಅಧ್ಯಾಯ ಎದುರಾಯಿತು. ತಂದೆಗೇ ತಿರುಗಿಬಿದ್ದ ಮಗ, ದೂರದ ಕಾಡಿನಲ್ಲಿ ಸಾವು, ಓಡಿಬಂದು ಸುದ್ದಿ ಹೇಳುವ ಆಳು, ಅಳುತ್ತಾ ಮೆಟ್ಟಿಲು ಹತ್ತುವ ಅರಸ. ಅಜ್ಜಿಗೆ ಇದನ್ನು ಓದಿ ಹೇಳುವುದೆಂದರೆ ಗಾಯದ ಮೇಲೆ ಬರೆ ಎಳೆದಂತೆ. ಮುಂದಿನ ಅಧ್ಯಾಯದಲ್ಲೂ ಅರಸನ ಅಳು ನಿಂತಿರಲಿಲ್ಲ. ಎರಡನ್ನೂ ಹಾರಿಸುವುದೆಂದು ತೀರ್ಮಾನಿಸಿ, ನನ್ನಂಥ ಜಾಣೆ ಇನ್ನೊಬ್ಬಳಿಲ್ಲ ಎಂದುಕೊಂಡು ಮಲಗಿದೆ.

ಬೆಳಿಗ್ಗೆ ನಾಲ್ಕು ಸಾಲು ಓದಿದ್ದೆನೋ ಇಲ್ಲವೋ, ಅಜ್ಜಿ ಕೈಯೆತ್ತಿದರು.

"ಇದಲ್ಲ ಕಣಮ್ಮ ಇವತ್ತಿಂದು."

ಕಣ್ಣು ಹೋದರೂ ಸ್ವಂತ ಬೀದಿಯ ಮನೆಗಳ ಸಾಲು ಮರೆಯದವರಂತೆ ಅವರಿಗೆ ಆ ಪುಸ್ತಕದ ಅಧ್ಯಾಯಗಳ ಸಾಲು ಗೊತ್ತಿತ್ತು. ಜಾಣೆಗೆ ಅದೊಂದು ಹೊಳೆದಿರಲಿಲ್ಲ. ಪುಟ ಅಂಟಿಕೊಂಡಿತ್ತು ಎಂದು ಸುಳ್ಳು ಹೇಳಿದೆ.

"ಅಂಟ್ಕೊಂಡಿಲ್ಲ. ನಾನು ನೊಂದ್ಕೋತೀನಿ ಅಂತ ಬುಟ್ಟಿದೀಯ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ನೀನು ಓದೋಕೆ ಶುರು ಮಾಡ್ದಾಗಿಂದ ಆ ಅಧ್ಯಾಯಕ್ಕೇ ಕಾಯ್ತಾ ಕೂತಿದೀನಿ. ಜಗಳ ಆಡಿ ಕಳಿಸಿದ ಮಗ ಸತ್ತುಹೋದ್ರೆ ದೇವರ ಮುಂದೆ ಹೆಂಗೆ ಅಳೋದು ಅಂತ ನಂಗೆ ಗೊತ್ತಾಗ್ತಿಲ್ಲ. ಅಲ್ಲಿ ಬರ್ದದೆ. ಓದು."

ಓದಿದೆ. ಮಂಜು ಕಿಟಕಿ ದಾಟಿ ಒಳಗೇ ಬಂದಂತೆ ಕೋಣೆಯೆಲ್ಲ ಬೆಳ್ಳಗಿತ್ತು. ನನ್ನ ದನಿ ಬೇರೆ ಯಾರದೋ ಎನ್ನುವಷ್ಟು ದೂರದಿಂದ ನನಗೆ ಕೇಳುತ್ತಿತ್ತು. ಓದುತ್ತಿರುವುದು ಯಾವ ಕಾಲ, ಯಾವ ಊರು ಎನ್ನುವುದೇ ಕಲಸಿಹೋಗಿ, ಆ ಕಾಡು ನಮ್ಮ ಮೈದಾನದಾಚೆಯೇ ಇದೆ ಅನಿಸಿತು. ಅರಸ ಮಗನನ್ನು ಮತ್ತೆ ಮತ್ತೆ ಕರೆಯುವ ಸಾಲಿಗೆ ಬಂದಾಗ ತೊಡರಿದೆ. ಆ ಸಾಲನ್ನು ಅಜ್ಜಿ ತಾವೇ ಬಾಯಿಪಾಠವಾಗಿ ಹೇಳಿ ಮುಗಿಸಿದರು.

ಅಪ್ಪ ಎಂದಿನಂತೆ ಪ್ರಾರ್ಥನೆಗೆ ಕೈಜೋಡಿಸಿದರು. ಅಜ್ಜಿ ತಡವಿ ಅವರ ಕೈ ಹಿಡಿದು ತಡೆದರು. ಸೆರಗನ್ನು ತಲೆಯ ಮೇಲೆ ಹೊದ್ದುಕೊಂಡರು. ಬಹಳ ಹೊತ್ತು ಬರೀ ಕಣ್ಣೀರು ಇಳಿಯಿತು. ಕೊನೆಗೆ ಅವರ ದನಿ ಬಂತು.

"ಕರ್ತನೇ, ಅವನು ಈಗ ನಿನ್ ಹತ್ರಾನೇ ಇದಾನೆ. ಅಮ್ಮ ತಪ್ಪಾಯ್ತು ಅಂದ್ಲು ಅಂತ ಹೇಳ್ಬುಡು."