ಬಿಚ್ಚಿ ಬರುವ ಅಂಟು

ಅಂಟು ಅಂದಮೇಲೆ ಗಟ್ಟಿಯಾಗಿರಬೇಕು ಅನ್ನುವುದು ಲೋಕದ ನ್ಯಾಯ. ಊರೆಲ್ಲ ಇಬು, ಅಂದರೆ ಅಮ್ಮ, ಎಂದು ಕರೆಯುವ ಮುರ್ತಿನಿ ಆ ನ್ಯಾಯಕ್ಕೆ ಎಂದೂ ತಲೆಬಾಗಲಿಲ್ಲ. ಅಂಟಿಸಿದ್ದು ಬಿಚ್ಚಿ ಬರಬೇಕು, ಅದೇ ಅವರ ಹಟ.

ಆ ಹಟ ಬಂದದ್ದು ತಾಯಿಯಿಂದ. ಜಾವಾ ದ್ವೀಪದ ಯೋಗ್ಯಾಕರ್ತದ ಪೇಟೆಯಲ್ಲಿ ಆಕೆ ಶಾಲೆ ಮಕ್ಕಳ ಅಂಗಿ ಹೊಲಿಯುತ್ತಿದ್ದಳು. ಮಕ್ಕಳು ಬೆಳೆಯುತ್ತವೆಂದು ಒಳಗೆ ಬಟ್ಟೆ ಬಿಟ್ಟು, ಬಿಚ್ಚಿದರೆ ಗುರುತೂ ಉಳಿಯದ ಹಾಗೆ ಹೊಲಿಗೆ ಹಾಕುವಳು. ಮಗಳು ಮ್ಯೂಸಿಯಂ ಸೇರಿ ಹಳೆಯ ವಸ್ತುಗಳನ್ನು ಉಳಿಸುವ ಕೆಲಸ ಹಿಡಿದಾಗ ಆ ಬುದ್ಧಿಯೂ ಜೊತೆಗೇ ಹೋಯಿತು. ಆ ಕೆಲಸದವರೆಲ್ಲ ಕೂಡಿ ಸಂಘ ಕಟ್ಟಿದ ದಿನ ಇಬು ಎದ್ದು ನಿಂತರು.

"ನಾವು ಹಾಕಿದ್ದನ್ನ ನಮ್ಮ ನಂತರ ಬರೋರು ತೆಗೀಬೇಕು ಅಂದ್ರೆ ತೆಗಿಯೋ ಹಾಗಿರ್ಬೇಕು. ಹಳೇದಕ್ಕೆ ಒಂದು ಗೀರೂ ಬೀಳ್ಬಾರ್ದು."

ಕೆಲವರು ನಕ್ಕರು. ಆದರೂ ಅದೇ ಸಂಘದ ಮೊದಲ ನಿಯಮವಾಯಿತು. ಇಬು ಬಾಯಿಗೆ ಎದುರು ನಿಲ್ಲುವ ಧೈರ್ಯ ಯಾರಿಗಿತ್ತು?

ಅದಾದ ಸ್ವಲ್ಪ ದಿನಕ್ಕೆ ಭೂಕಂಪ. ತೊಗಲುಗೊಂಬೆ ಆಡಿಸುವ ದರ್ಸೊನೊ ಅವರ ಮನೆಯ ತೊಲೆ ಬಿದ್ದು ಬೆಟ್ಟದ ಆಕಾರದ ಗೊಂಬೆ ಹರಿಯಿತು. ಅದನ್ನು ಪರದೆಯ ನಡುವೆ ನಿಲ್ಲಿಸದೆ ಅಲ್ಲಿ ಆಟವೇ ಶುರುವಾಗುವುದಿಲ್ಲ. ಅದರ ಹಿಂಬದಿಯಲ್ಲಿ ದರ್ಸೊನೊ ಅವರ ಅಜ್ಜ ಬರೆದ ಕೆಂಪು ಬೆಂಕಿ. ಹರಿದದ್ದು ಅಲ್ಲೇ ಆದ್ದರಿಂದ ಬೇರೆ ದಾರಿಯಿಲ್ಲದೆ ಇಬು ಆ ಬೆಂಕಿಯ ಮೇಲೆಯೇ ತೆಳು ತೊಗಲಿನ ತೇಪೆಯನ್ನು ಮೀನಿನ ಅಂಟಿನಿಂದ ಅಂಟಿಸಿ, ಮೇಲೆ ತಾವೂ ಬೆಂಕಿ ಬರೆದರು.

"ಕಾರ್ಖಾನೆ ಅಂಟು ಹಾಕ್ಬಾರ್ದಾ ಇಬು? ಆಟದ ನಡುವೆ ಉದುರಿದ್ರೆ ರಾಜನ ಗೊಂಬೆ ತಲೆ ಮೇಲೇ ಬೀಳುತ್ತೆ!" ಎಂದು ದರ್ಸೊನೊ ರೇಗಿಸಿದರು.

"ಬಿದ್ರೆ ಹೇಳಿ ಕಳಿಸಿ. ರಾಜನ ಹತ್ರ ನಾನೇ ಕ್ಷಮೆ ಕೇಳ್ತೀನಿ."

ತೇಪೆ ಬೀಳಲಿಲ್ಲ. ಆದರೆ ವರ್ಷಗಳು ಕಳೆದು ಅದರ ತೊಗಲು ಮುದುಡಿಕೊಂಡಿತು, ಗೊಂಬೆ ಬಾಗಿತು. ಈ ಸಲ ಸಂಘದ ವಾರ್ಷಿಕ ಸಭೆಯಲ್ಲಿ, ಎಲ್ಲರೆದುರೇ ಅದನ್ನು ತೆಗೆಯುವುದೆಂದಾಯಿತು. ತೆಗೆಯುವವಳು ನವಾಂಗ್, ಇಬು ಕೈಯಲ್ಲೇ ಕೆಲಸ ಕಲಿತವಳು. ತೇಪೆಯ ಜೊತೆ ಅಜ್ಜನ ಬೆಂಕಿಯೂ ಕಿತ್ತು ಬಂದರೆ ದರ್ಸೊನೊ ಮನೆಯ ಆಸ್ತಿ ಹೋಯಿತು, ಇಬು ಬದುಕಿಡೀ ಸಾರಿದ ಮಾತೂ ಹೋಯಿತು. ಇಬು ಶುಂಠಿ ಟೀ ಲೋಟ ಹಿಡಿದು ಕೂತಿದ್ದರು. ಒಂದು ಗುಟುಕೂ ಕುಡಿದಿರಲಿಲ್ಲ.

ಅಂಟು ಮೆದುವಾಗಲೆಂದು ನವಾಂಗ್ ಒದ್ದೆ ಕಾಗದ ಹೊದಿಸಿ ಕಾದಳು. ಆಮೇಲೆ ತೇಪೆಯ ಅಂಚನ್ನು ಹತ್ತಿಯಿಂದ ಮೆಲ್ಲಗೆ ಒತ್ತಿದಳು. ಹತ್ತಿ ಕೆಂಪಾಯಿತು. ಅವಳ ಕೈ ಅಲ್ಲೇ ನಿಂತಿತು.

"ಅಯ್ಯೋ, ತಾತನ ಬಣ್ಣ!" ಎಂದರು ದರ್ಸೊನೊ.

ಇಬು ಲೋಟ ಕೆಳಗಿಟ್ಟು ಬಂದು, ಹತ್ತಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಇದು ನಂದು. ನಿಮ್ಮ ತಾತನ ಕೆಂಪು ಇಷ್ಟು ಪೇಲವ ಅಲ್ಲ. ಯಾವುದು ಅವರದು, ಯಾವುದು ನಂದು ಅಂತ ಮುಂದಿನೋರಿಗೆ ಗೊತ್ತಾಗ್ಲಿ ಅಂತ ಬೇಕಂತಲೇ ಒಂದು ಗುಲಗಂಜಿ ತಿಳಿ ಮಾಡಿದ್ದೆ. ನಡೀಲಿ, ತೆಗಿ ಮಗಳೇ."

ತೇಪೆ ಇಡಿಯಾಗಿ ಎದ್ದು ಬಂತು. ಕೆಳಗೆ ಅಜ್ಜನ ಬೆಂಕಿ, ಒಂದು ನಾಲಗೆಯೂ ಮಾಸದೆ. ದರ್ಸೊನೊ ಕಣ್ಣೊರೆಸಿಕೊಂಡರು, ಆದರೆ ಬಾಯಿ ಸುಮ್ಮನಿರಬೇಕಲ್ಲ.

"ನಿಮ್ಮ ಕೆಲಸ ಕಣ್ಣೆದುರೇ ಕಿತ್ತು ಹಾಕಿದ್ರಲ್ಲ ಇಬು, ಹೊಟ್ಟೆ ಉರೀಲಿಲ್ವಾ?"

"ಇದನ್ನ ನೋಡೋಕೇ ಅಲ್ವಾ ಇಷ್ಟು ವರ್ಷ ಬದುಕಿದ್ದು!" ಇಬು ಹುಡುಗಿಯ ಹಾಗೆ ನಗುತ್ತಿದ್ದರು. ಎಂಥ ಹೆಂಗಸು! ತನ್ನ ಕೈಕೆಲಸ ಅಳಿಸಿಹೋದದ್ದಕ್ಕೆ ಇಷ್ಟು ಹಿಗ್ಗಿದವರನ್ನು ಆ ಸಭೆಯೂ ಕಂಡಿರಲಿಲ್ಲ.

ನವಾಂಗ್ ಯಾರನ್ನೂ ಕೇಳದೆ ಹೊಸ ತೇಪೆಗೆ ಮೀನಿನ ಅಂಟಿನ ಚೂರುಗಳನ್ನು ನೆನೆಹಾಕಿದಳು. "ನಾನು ಹಾಕೋದನ್ನ ಯಾರು ತೆಗೀತಾರೋ ಇಬು," ಎಂದಳು.

"ಯಾರಾದ್ರೂ ತೆಗೀಲಿ," ಎಂದು ಇಬು ತಣ್ಣಗಾದ ಟೀಯನ್ನು ಕೊನೆಗೂ ಬಾಯಿಗಿಟ್ಟರು. "ಅವತ್ತು ನೀನೂ ಹೀಗೇ ಮುಂದೆ ಕೂತಿರು."