ಮಂಗಳವಾರದ ಜ್ವರ

2003ರಲ್ಲಿ ನಾನು ಶಿವಮೊಗ್ಗದ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಹಿರಿಯ ಸ್ಟಾಫ್ ನರ್ಸ್ ಆಗಿದ್ದೆ. ಭದ್ರಾವತಿಯ ಕಮಲಾಕ್ಷಿ ಎಂಬವರಿಗೆ ಕರುಳು ತಿರುಚಿಕೊಂಡು ಕೊಳೆತು, ಸಣ್ಣ ಕರುಳಿನ ಬಹುಭಾಗವನ್ನು ಕತ್ತರಿಸಿ ತೆಗೆಯಬೇಕಾಯಿತು. ಆಮೇಲೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಎದೆಯ ದೊಡ್ಡ ರಕ್ತನಾಳಕ್ಕೆ ಕ್ಯಾಥೆಟರ್ ಎಂಬ ತೆಳು ಕೊಳವೆ ಸೇರಿಸಿ, ಅದರ ಮೂಲಕ ಪೋಷಕ ದ್ರಾವಣ ಹರಿಸುವುದೊಂದೇ ದಾರಿ. ಅದನ್ನು ಮನೆಯಲ್ಲೇ ಕೊಡಲು ನಮ್ಮ ಡಾಕ್ಟರ್ ನಿರ್ಧರಿಸಿದರು. ಗಂಡ ಶೇಖರಪ್ಪ ಕಾರ್ಖಾನೆಯಲ್ಲಿ ಲೇತ್ ಕೆಲಸ ಮಾಡುವವರು. ಬಾಟಲಿ ಜೋಡಿಸುವುದು, ಬಿಡಿಸುವುದು ಎಲ್ಲವನ್ನೂ ಅವರಿಗೆ ನಾನೇ ಕಲಿಸಿದೆ. ಪ್ರತಿ ಮಂಗಳವಾರ ಹೋಗಿ ಡ್ರೆಸಿಂಗ್ ಬದಲಿಸಿ, ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಹಾಕಿ ಬರುತ್ತಿದ್ದೆ.

ಎರಡನೇ ತಿಂಗಳು ಚಳಿಜ್ವರ ಶುರುವಾಯಿತು. ನನಗೆ ಸುದ್ದಿ ತಲುಪುತ್ತಿದ್ದುದು ಮರುದಿನ. ಮೂರನೇ ಸಲ ಜ್ವರ ಬಂದಾಗ ಡಾಕ್ಟರ್, "ರಕ್ತದಲ್ಲಿ ಬ್ಯಾಕ್ಟೀರಿಯಾ ಇದೆ. ಇನ್ನೊಂದ್ಸಲ ಬಂದ್ರೆ ಕೊಳವೆ ತೆಗೀಬೇಕಾಗುತ್ತೆ. ತೆಗೆದ್ರೆ ಆಕೆ ಉಳಿಯೋದು ಕಷ್ಟ" ಎಂದರು.

ನನ್ನ ಕಣ್ಣು ಬಿದ್ದದ್ದು ಶೇಖರಪ್ಪನವರ ಉಗುರಿನ ಸಂದಿಯ ಕಪ್ಪಿನ ಮೇಲೆ. ಕಮಲಾಕ್ಷಿಯ ಕಿವಿಯಲ್ಲಿ, "ಅವರು ಕೈ ಸರಿಯಾಗಿ ತೊಳೀತಾರಾ, ಸ್ವಲ್ಪ ನೋಡ್ಕೊಳ್ಳಿ" ಎಂದೆ. ಗುರುವಾರ ಹೇಳದೆ ಕೇಳದೆ ಅವರ ಮನೆಗೆ ಹೋದೆ. ಶೇಖರಪ್ಪ ಮೊಣಕೈವರೆಗೆ ಸೋಪು ಹಚ್ಚಿ, ಬ್ರಷ್ಷಿನಲ್ಲಿ ಉಗುರು ಉಜ್ಜುತ್ತಿದ್ದರು. ಒಂದು ತಪ್ಪೂ ಸಿಗಲಿಲ್ಲ. ಗೇಟಿನ ಸದ್ದು ಕೇಳಿ ನಾಟಕ ಮಾಡುತ್ತಿರಬಹುದು ಅನಿಸಿತು. ಕಮಲಾಕ್ಷಿಯೂ ಆ ಕೈಗಳನ್ನೇ ದಿಟ್ಟಿಸುತ್ತಿದ್ದರು.

ಕೆಲಸ ಮುಗಿಸಿ ಶೇಖರಪ್ಪ ಗೋಡೆಯ ಕ್ಯಾಲೆಂಡರ್ ತೆಗೆದು ನನ್ನ ಮುಂದಿಟ್ಟರು. ಮೂರು ದಿನಗಳಿಗೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ್ದರು.

"ಬೇಜಾರ್ ಮಾಡ್ಕೋಬೇಡಿ ಸಿಸ್ಟರ್. ಜ್ವರ ಬಂದಿದ್ದು ಮೂರು ಸಲಾನೂ ಮಂಗಳವಾರ. ನೀವು ಬಂದು ಹೋದ ಮೇಲೆ."

ನನಗೆ ಮೈ ಉರಿಯಿತು. ಹದಿನೆಂಟು ವರ್ಷ ಸರ್ವಿಸ್ ಆದವಳಿಗೆ ಈ ಮಾತೇ? ಬ್ಯಾಗ್ ಎತ್ತಿಕೊಂಡು ಬಂದು ಬಸ್ ಹತ್ತಿದೆ. ಆದರೆ ಮಂಗಳವಾರ ನಾನು ಮಾತ್ರ ಮಾಡುವ ಕೆಲಸ ಯಾವುದು ಎಂಬ ಪ್ರಶ್ನೆ ಬಿಡಲಿಲ್ಲ. ಮಲವಗೊಪ್ಪ ದಾಟುವಾಗ ಬ್ಯಾಗಿಗೆ ಕೈ ಹಾಕಿ ಹೆಪಾರಿನ್ ಸೀಸೆ ತೆಗೆದೆ. ಔಷಧಿ ಪೋಲಾಗಬಾರದೆಂದು ಅದೇ ಸೀಸೆಗೆ ವಾರವಾರವೂ ಸೂಜಿ ಚುಚ್ಚಿದ್ದೆ. ಅದನ್ನು ಲ್ಯಾಬಿಗೆ ಕೊಟ್ಟೆ. ಕಮಲಾಕ್ಷಿಯ ರಕ್ತದಲ್ಲಿದ್ದ ಬ್ಯಾಕ್ಟೀರಿಯಾವೇ ಅದರಲ್ಲೂ ಬೆಳೆಯಿತು.

ಡಾಕ್ಟರಿಗೆ ಹೇಳಿದೆ. ಭದ್ರಾವತಿಗೆ ಹೋಗಿ ಗಂಡ ಹೆಂಡತಿ ಇಬ್ಬರ ಮುಂದೆಯೂ ತಪ್ಪೊಪ್ಪಿಕೊಂಡೆ. ಕಮಲಾಕ್ಷಿ, "ನೀವು ಹೇಳಿದ್ಮೇಲೆ ಇವರು ಕೊಳವೆಗೆ ಕೈ ಹಾಕಿದಾಗೆಲ್ಲ ನಂಗೆ ಭಯ ಆಗ್ತಿತ್ತು ಸಿಸ್ಟರ್. ಅದು ಇವರಿಗೆ ಗೊತ್ತಾಗಿಬಿಡ್ತು" ಎಂದರು.

ಪ್ರತಿ ಸಲ ಹೊಸ ಸೀಸೆ ಬಳಸತೊಡಗಿದ ಮೇಲೆ ಜ್ವರ ಮರುಕಳಿಸಲಿಲ್ಲ. ಸೋಂಕಿಗೆ ಆಂಟಿಬಯೋಟಿಕ್ ಇತ್ತು. ಆ ಮನೆಯೊಳಗೆ ನಾನು ಬಿಟ್ಟು ಬಂದ ಅನುಮಾನಕ್ಕೆ ಯಾವ ಔಷಧಿಯೂ ನನ್ನ ಹತ್ತಿರ ಇರಲಿಲ್ಲ. ಆಮೇಲೆ ರಿಟೈರ್ ಆಗುವವರೆಗೂ, ರೋಗಿಯ ಮನೆಯವರ ಕೈ ನೋಡುವ ಮೊದಲು ನನ್ನ ಬ್ಯಾಗ್ ಬಿಚ್ಚಿ ನೋಡುತ್ತಿದ್ದೆ.