ಬರಿ ಮಣೆ ಮನೆಗೆ ಬರಬಾರದು

ಕೋವಿಡ್ ಗಲಾಟೆ ಮುಗಿದು ನ್ಯೂಜಿಲೆಂಡಿನ ಗಡಿಗಳು ತೆರೆದ ಮರುವರ್ಷ ನಾನು ಆಕ್ಲೆಂಡಿನ ಒಂದು ಜಲಸುರಕ್ಷತಾ ಸಂಸ್ಥೆಯಲ್ಲಿ ಕಂಟೆಂಟ್ ಎಡಿಟರ್ ಆಗಿದ್ದೆ. ಕಡಲಲ್ಲಿ, ನದಿಯಲ್ಲಿ ಜನ ಮುಳುಗದಂತೆ ಎಚ್ಚರಿಸುವ ವಿಡಿಯೊ, ಪೋಸ್ಟ್‌ಗಳನ್ನು ಆನ್‌ಲೈನಿಗೆ ಹಾಕುವುದು ನಮ್ಮ ವಿಭಾಗದ ಕೆಲಸ. ನೋಡುವವರಿಗೆ ಅದು ಮೊಬೈಲ್ ಹಿಡಿದು ಕಾಲ ಕಳೆಯುವ ಸುಖದ ನೌಕರಿ. ಆದರೆ ಪ್ರತಿ ಸೋಮವಾರ ಬೆಳಗ್ಗೆ ಒಬ್ಬೊಬ್ಬರೂ ಒಂದೊಂದು ಹೊಸ ಐಡಿಯಾ ತಂದು ಮೇಜಿನ ಮೇಲೆ ಇಡಬೇಕಿತ್ತು. ಕಡಲು ಅಪಾಯ ಎನ್ನುವ ಮಾತಿಗೆ ಎಷ್ಟು ಸಲ ಹೊಸ ಅಂಗಿ ಹೊಲಿಸುವುದು? ಭಾನುವಾರ ಸಂಜೆ ಬಟ್ಟೆ ಮಡಿಸುವಾಗಲೇ ನಾನು ಹಳೆಯ ಐಡಿಯಾಗಳನ್ನು ಮಗುಚಿ ನೋಡಲು ಶುರುಮಾಡುತ್ತಿದ್ದೆ.

ನಮ್ಮ ಕಸುಬಿನಲ್ಲಿ ‘ಹುಕ್’ ಅಂತ ಒಂದು ಮಾತಿದೆ. ವಿಡಿಯೊದ ಮೊದಲ ಮೂರು ಸೆಕೆಂಡಿನಲ್ಲಿ ನೋಡುಗನ ಹೆಬ್ಬೆರಳನ್ನು ಹಿಡಿದು ನಿಲ್ಲಿಸುವ ಗಾಳ ಅದು. ಗಾಳ ಸಿಕ್ಕದಿದ್ದರೆ ಉಳಿದ ಬುದ್ಧಿಮಾತೆಲ್ಲ ಕೋಣನ ಮುಂದೆ ಬಾರಿಸಿದ ಕಿನ್ನರಿ.

ಆ ವರ್ಷದ ಜುಲೈನಲ್ಲಿ ನನ್ನ ಪಾಲಿಗೆ ಬಂದ ವಿಷಯ ಗಣಪತಿ ವಿಸರ್ಜನೆ. ನಮ್ಮ ಹಬ್ಬ ಇಲ್ಲಿ ಚಳಿಗಾಲದ ಬಾಲದಲ್ಲಿ ಬರುತ್ತದೆ. ಕಡಲತೀರದ ಲೈಫ್‌ಗಾರ್ಡುಗಳು ಕಾವಲಿಗೆ ನಿಲ್ಲುವುದು ವಸಂತ ಅರ್ಧ ಕಳೆದ ಮೇಲೆ. ಹಾಗಾಗಿ ಮಣ್ಣಿನ ಗಣಪನನ್ನು ಹೊತ್ತು ನಾವು ಪಶ್ಚಿಮದ ಕಪ್ಪು ಮರಳಿನ ತೀರಗಳಿಗೆ ಹೋದಾಗ ಅಲ್ಲಿರುವುದು ನಾವು, ಗಾಳಿ, ಆಳೆತ್ತರದ ತೆರೆಗಳು, ಅಷ್ಟೇ. ಹಿತ್ತಲಲ್ಲಿ ಬಕೆಟ್ಟಿನಲ್ಲೇ ಮುಳುಗಿಸುವವರು ಬಹಳ ಮಂದಿ ಇದ್ದಾರೆ. ಕಡಲೇ ಆಗಬೇಕು ಅನ್ನುವವರೂ ಇದ್ದಾರೆ.

ಹಿಂದಿನ ವರ್ಷ ಹಾಗೆ ಹೋದವರಲ್ಲಿ ಒಬ್ಬರು ಪ್ರಹ್ಲಾದ. ಧಾರವಾಡ ಕಡೆಯವರು, ಸೇತುವೆಗಳ ಇಂಜಿನಿಯರ್. ಆಕ್ಲೆಂಡಿನ ಫ್ಲ್ಯಾಟ್ ಬುಷ್‌ನಲ್ಲಿ ಮನೆ. ಸೊಂಟದವರೆಗೆ ನೀರಿಗಿಳಿದವರನ್ನು ಒಂದು ತೆರೆ ಹಿಂದಿನಿಂದ ಬಂದು ಎತ್ತಿಕೊಂಡು ಹೋಯಿತು. ಸರ್ಫಿಂಗ್ ಆಡಲು ಬಂದಿದ್ದ ಒಬ್ಬ ಹುಡುಗಿ ತನ್ನ ಹಲಗೆಯ ಮೇಲೆ ಅವರನ್ನು ಎಳೆದು ತಂದಳು. ಜೀವ ಉಳಿಯಿತು. ಶ್ವಾಸಕೋಶಕ್ಕೆ ಉಪ್ಪುನೀರು ಹೋಗಿ ಬಹಳ ದಿನ ಆಸ್ಪತ್ರೆಯಲ್ಲಿದ್ದರು.

ದಡದಲ್ಲಿ ನಿಂತು ಫೋನಿನಲ್ಲಿ ಚಿತ್ರೀಕರಿಸುತ್ತಿದ್ದವಳು ಅವರ ಮಗಳು ಅನಘಾ. ಗಾಬರಿಯಲ್ಲಿ ಅದು ಮನೆಯವರ ವಾಟ್ಸಾಪ್ ಗುಂಪಿಗೆ ಹೋಯಿತು, ಅಲ್ಲಿಂದ ಯಾರೋ ಪುಣ್ಯಾತ್ಮರು ಕತ್ತರಿಸಿ ಊರಿಗೆಲ್ಲ ಹಂಚಿದರು. ಕತ್ತರಿಸಿದ ತುಣುಕಿನಲ್ಲಿ ಇರುವುದಿಷ್ಟೇ: ಕಡಲಿಗೆ ಬೆನ್ನು ಹಾಕಿ ಸ್ವಲ್ಪ ಬಾಗಿ ನಿಂತ ಒಬ್ಬ ಕನ್ನಡಕದ ಗಂಡಸು, “ಅಪ್ಪಾ, ಲುಕ್ ಹಿಯರ್!” ಎಂಬ ಹುಡುಗಿಯ ದನಿ, ಒಂದು ತೆರೆ, ಆಮೇಲೆ ಬರೀ ನೊರೆ. ಕೆಳಗೆ ಕಾಮೆಂಟುಗಳ ಕೊಚ್ಚೆ. ಫೋಟೊ ಹುಚ್ಚಿಗೆ ಪ್ರಾಣ ಕೊಡುವವರು ಎಂದು ಕೆಲವರು, ವಾಪಸ್ ನಿಮ್ಮ ದೇಶಕ್ಕೆ ಹೋಗಿ ಎಂದು ಕೆಲವರು. ನಮ್ಮವರೂ ಹಿಂದೆ ಬೀಳಲಿಲ್ಲ.

ಸೋಮವಾರದ ಮೀಟಿಂಗಿನಲ್ಲಿ ನನ್ನ ಮುಖ್ಯಸ್ಥೆ ಹೆಲೆನ್ ಆ ತುಣುಕನ್ನೇ ಗೋಡೆಯ ಪರದೆಯ ಮೇಲೆ ಹಾಕಿದಳು. ಕೆಟ್ಟವಳಲ್ಲ. ಮುಳುಗಿದವರ ಮನೆಗಳಿಗೆ ಹೋಗಿ ಕೂತು ಬಂದವಳು. “ಇದಕ್ಕಿಂತ ಒಳ್ಳೆಯ ಹುಕ್ ನಮಗೆ ಸಿಗಲ್ಲ,” ಅಂದಳು. “ಕುಟುಂಬದ ಒಪ್ಪಿಗೆ ಕೇಳು. ನಿನ್ನ ಭಾಷೆಯವರು.”

ನನಗೆ ಮೈ ಉರಿಯಿತು. ಅವಳ ಮಾತಿನಲ್ಲಿ ಅರ್ಥವಿತ್ತು ಎಂಬುದಕ್ಕೆ ಇನ್ನೂ ಉರಿಯಿತು. ಆ ತುಣುಕು ನೋಡಿ ಒಬ್ಬನಾದರೂ ನೀರಿಗಿಳಿಯದೆ ಉಳಿದರೆ ಬೇಡ ಅನ್ನಲು ನಾನು ಯಾರು? ಬೇರೆ ಐಡಿಯಾ ಇದ್ದರೆ ಹೇಳು ಅಂದರೆ ನನ್ನ ಕೈ ಖಾಲಿ. ಒಪ್ಪಿಗೆ ಕೇಳುತ್ತೇನೆ, ಒತ್ತಾಯ ಮಾಡುವುದಿಲ್ಲ ಎಂದು ಹೇಳಿ ಎದ್ದೆ.

ಶನಿವಾರ ಮಧ್ಯಾಹ್ನ ಅವರ ಮನೆಗೆ ಹೋದೆ. ಪ್ರಹ್ಲಾದರ ಹೆಂಡತಿ ವಸುಧಾ ಬಾಗಿಲು ತೆಗೆದು, “ಬರ್ರಿ, ಒಳಗ ಬರ್ರಿ,” ಎಂದು ಕರೆದು, ಕೂರುವ ಮೊದಲೇ ಅವಲಕ್ಕಿ ತಂದಿಟ್ಟರು. ಈ ವರ್ಷ ಗಣಪತಿ ಕೂಡಿಸುವುದಿಲ್ಲ ಎಂದು ಅವರೇ ಹೇಳಿದರು. ಅನಘಾ ಊಟದ ಮೇಜಿನ ಹತ್ತಿರ ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. ನಾನಲ್ಲಿದ್ದ ಹೊತ್ತಿನಲ್ಲಿ ಅವಳಿಗೆ ನನ್ನೆದುರು ಕೂತಿದ್ದ ಅಪ್ಪನನ್ನು ಏನೋ ಕೇಳಬೇಕಾಯಿತು. ಕೂತಲ್ಲಿಂದ ಕೂಗಲಿಲ್ಲ. ಎದ್ದು ಸುತ್ತಿ ಬಂದು, ಅವರ ಮುಂದೆ ನಿಂತು, ಮೊಣಕೈ ಮುಟ್ಟಿ ಕೇಳಿದಳು. ವಸುಧಾ ಅದನ್ನು ನಾನು ನೋಡಿದ್ದನ್ನು ನೋಡಿ, ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದರು: “ಹ್ವಾದ ವರ್ಷದಿಂದ ಹಿಂಗ ರೀ. ಅಪ್ಪಾ ಅಂತ ಒದರಿ ಕರೆಯೂದ ಬಿಟ್ಟುಬಿಟ್ಟಾಳ.”

ನಾನು ಬಂದ ಕಾರಣ ಹೇಳಿದೆ. ಪ್ರಹ್ಲಾದ ಕಪ್ಪು ಕೆಳಗಿಟ್ಟರು. “ಆ ವಿಡಿಯೊ ನಾ ನೋಡಿಲ್ರಿ. ನೋಡೂದೂ ಇಲ್ಲ. ನೀವು ಬೇಕಾದ್ರ...”

ಅಷ್ಟರಲ್ಲಿ ಮೇಜಿನ ಕಡೆಯಿಂದ ಅನಘಾ, “ಯೂಸ್ ಇಟ್, ಆಂಟಿ. ಇಟ್ಸ್ ಟ್ರೂ ಎನಿವೇ. ಐ ಕಾಲ್ಡ್ ಹಿಮ್,” ಅಂದಳು. ಹೋಮ್‌ವರ್ಕ್ ಮುಗಿಯಿತು ಎನ್ನುವ ದನಿ. ಅಪ್ಪ ಕಡಲಿಗೆ ಬೆನ್ನು ಹಾಕಿದ್ದು ತಾನು ಕರೆದದ್ದಕ್ಕೆ ಎಂದು ಆ ಹುಡುಗಿ ವರ್ಷವಿಡೀ ನಂಬಿಕೊಂಡು ಕೂತಿದ್ದಳು. ಕಾಮೆಂಟು ಬರೆದವರೆಲ್ಲ ಅದನ್ನೇ ಹೇಳಿದ್ದರು. ಪಾಪ, ಅವಳು ಒಂದೂ ಬಿಡದೆ ಓದಿದ್ದಳು.

“ಏನ್ ಖರೆ? ಏನಂತಾಳಾಕಿ?” ಪ್ರಹ್ಲಾದ ಹೆಂಡತಿಯ ಮುಖ ನೋಡಿದರು.

“ಈಗ್ಯಾಕ ಬಿಡ್ರಿ ಅದೆಲ್ಲಾ,” ಅಂದರು ವಸುಧಾ. ಆ ಮನೆಯಲ್ಲಿ ಅದೇ ಆಗಿತ್ತು. ಆಸ್ಪತ್ರೆಯಿಂದ ಬಂದವರ ಮನಸ್ಸು ನೋಯಬಾರದೆಂದು ತಾಯಿ ಆ ದಿನದ ಮಾತು ಎತ್ತಲಿಲ್ಲ. ಮಗಳು ಹೆದರಿರುತ್ತಾಳೆ ಎಂದು ತಂದೆ ಎತ್ತಲಿಲ್ಲ. ಮಗಳಂತೂ ಬಾಯಿ ಬಿಡುವಂತಿರಲಿಲ್ಲ. ಒಬ್ಬರನ್ನೊಬ್ಬರು ಕಾಪಾಡುತ್ತ ಮೂವರೂ ಸೊರಗಿದ್ದರು.

ದಾರಿ ತೋಚದಾಗ ಮನುಷ್ಯ ತನ್ನ ಕಸುಬಿಗೆ ಜೋತುಬೀಳುತ್ತಾನೆ. ವಿಡಿಯೊ ಬರೆಯುವವರ ಒಂದು ಚಾಳಿ ನನಗಿದೆ. ಮನಸ್ಸಿನಲ್ಲಿ ಏನಿತ್ತು ಎಂದು ಕ್ಯಾಮೆರಾ ತೋರಿಸಲಾರದು, ಕೈ ಏನು ಮಾಡುತ್ತಿತ್ತು ಎಂದು ತೋರಿಸಬಲ್ಲದು. ಅದಕ್ಕೇ ಯಾರ ಅನುಭವ ಕೇಳಿದರೂ ಮೊದಲು ಕೈಯ ಬಗ್ಗೆ ಕೇಳುತ್ತೇನೆ.

“ಪ್ರಹ್ಲಾದ್, ಆ ತೆರೆ ಬಂದಾಗ ನಿಮ್ಮ ಕೈ ಏನು ಮಾಡ್ತಿತ್ತು?”

ಅವರು ಎರಡೂ ಕೈ ಮುಂದೆ ಚಾಚಿ ನೋಡಿಕೊಂಡರು. “ಕೈಯಾಗ ಮಣಿ ಇತ್ರಿ. ಗಣಪ್ಪನ್ನ ಬಿಟ್ಟಾಗಿತ್ತು. ಬರೇ ಮಣಿ ಮನಿಗೆ ಬರಬಾರದಲ್ರಿ, ಒಂದ್ ಹಿಡಿ ಮಣ್ಣರ ತರಬೇಕು. ಉಸುಕು ತುಂಬ್ಕೊಳ್ಳಿಕ್ಕೆ ಬಗ್ಗಿದ್ದೆ. ಚಸ್ಮಾಕ್ಕ ನೀರ್ ಹಾರ್ತಿತ್ತು ಅಂತ ದಂಡಿ ಕಡೆ ಮಾರಿ ಮಾಡಿದೆ. ಅಷ್ಟ.”

ಗಣಪತಿಯನ್ನು ನೀರಿಗೆ ಬಿಟ್ಟ ಮೇಲೆ ಅವನು ಕೂತಿದ್ದ ಮಣೆಯ ಮೇಲೆ ಅಲ್ಲಿನ ಮಣ್ಣನ್ನೋ ಮರಳನ್ನೋ ಒಂದು ಹಿಡಿ ಇಟ್ಟು ಮನೆಗೆ ತರುವುದು ನಮ್ಮ ಎಷ್ಟೋ ಮನೆಗಳ ಪದ್ಧತಿ. ಊರಿನ ಬಾವಿ, ಕೆರೆಯ ದಂಡೆಯಲ್ಲಿ ಅದಕ್ಕೊಂದು ಅಪಾಯವಿರಲಿಲ್ಲ. ಅದೇ ಬಾಗುವಿಕೆಯನ್ನು ನಾವು ಈ ಕಡಲಿಗೆ ತಂದಿದ್ದೆವು.

ಅನಘಾ ಎದ್ದು ನಿಂತಿದ್ದಳು. “ಬಟ್ ಐ ಸೆಡ್ ಲುಕ್ ಹಿಯರ್.”

“ಯಾವಾಗವಾ? ನನಗ ಕೇಳಸೇ ಇಲ್ಲ.” ಅವರು ನಿಜವಾಗಿಯೂ ನೆನಪು ಮಾಡಿಕೊಳ್ಳುತ್ತಿದ್ದರು. “ಆ ಗಾಳ್ಯಾಗ ಏನ್ ಕೇಳಸ್ತದ? ನಾ ಮೊದಲ ತಿರುಗಿದ್ದೆ.”

ಅವಳು ಅಲ್ಲೇ ಕುರ್ಚಿಯ ಬೆನ್ನು ಹಿಡಿದು ಬಿಕ್ಕಿ ಬಿಕ್ಕಿ ಅತ್ತಳು. ಪ್ರಹ್ಲಾದರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಎದ್ದು ಹೋಗಿ ಅವಳ ತಲೆಯನ್ನು ಎದೆಗೆ ಒತ್ತಿಕೊಂಡರು. ನನ್ನ ಕಣ್ಣಲ್ಲೂ ನೀರು ಬಂತು. ಅವಲಕ್ಕಿ ತಟ್ಟೆ ಹಿಡಿದು ಅಡುಗೆಮನೆಗೆ ಹೋಗಿ ನಿಂತೆ. ಹೊರಡುವಾಗ ಪ್ರಹ್ಲಾದರೇ ಬಾಗಿಲ ತನಕ ಬಂದು, “ಆ ವಿಡಿಯೊ ಬ್ಯಾಡ್ರಿ,” ಅಂದರು.

ಸೋಮವಾರ ಹೆಲೆನ್‌ಗೆ ಒಪ್ಪಿಗೆ ಸಿಗಲಿಲ್ಲ ಎಂದೆ, ಐಡಿಯಾ ಸಿಕ್ಕಿದೆ ಎಂದೂ ಹೇಳಿದೆ. ವಿಡಿಯೊದಲ್ಲಿ ತೆರೆ ಇಲ್ಲ, ಮುಳುಗುವವನಿಲ್ಲ, ನೀರಿನ ಸೆಳೆತ ತೋರಿಸುವ ಬಾಣದ ಗುರುತುಗಳಿಲ್ಲ. ಒಂದು ಖಾಲಿ ಮಣೆ, ಒಂದು ದನಿ: ‘ಬರಿ ಮಣೆ ಮನೆಗೆ ಬರಬಾರದು.’ ಆಮೇಲೆ ಒಂದು ಜೊತೆ ಕೈ ಒಣ ದಂಡೆಯಲ್ಲೇ ಮಣೆಯ ಮೇಲೆ ಮರಳು ಇಡುತ್ತದೆ. ಮಣೆ ದಡದಲ್ಲೇ ಉಳಿಯುತ್ತದೆ. ಗಣಪನನ್ನು ಕೈಯಲ್ಲೆತ್ತಿ ಮೊಣಕಾಲು ಮೀರದ ನೀರಿಗೆ ಒಬ್ಬರು, ಅವರ ಪಕ್ಕ ತೆರೆಯ ಮೇಲಿಂದ ಕಣ್ಣು ತೆಗೆಯದ ಇನ್ನೊಬ್ಬರು.

“ಕಪ್ಪು ಮರಳು, ಒಂದು ಹಲಗೆ. ಇದನ್ನ ಯಾರು ನೋಡ್ತಾರೆ?” ಹೆಲೆನ್ ಕೇಳಿದಳು.

“ಮನೇಲಿ ಮಣೆ ಇಟ್ಕೊಂಡಿರೋರು ನೋಡ್ತಾರೆ,” ಅಂದೆ. ಅವಳಿಗೆ ನಂಬಿಕೆ ಬರಲಿಲ್ಲ. ಆದರೂ ಒಪ್ಪಿದಳು.

ಪದ್ಧತಿಗೆ ಕೈ ಹಾಕುವ ಮೊದಲು ಕನ್ನಡ ಬಳಗದ ಹಿರಿಯರಾದ ಶೇಷಗಿರಿ ಅಂಕಲ್ ಅವರನ್ನು ಕೇಳಿದೆ. ಮೈಸೂರಿನವರು, ಶಾಸ್ತ್ರಕ್ಕೆ ಜಗಳವಾಡುವವರು. ಒಣ ಮರಳು ನಡೆಯುತ್ತದೆಯೇ ಎಂದರೆ ಸ್ವಲ್ಪ ಯೋಚಿಸಿ, “ಮಣ್ಣು ತರಬೇಕು ಅಂತ ನಮ್ಮಮ್ಮ ಹೇಳ್ತಿದ್ರು ಕಣಮ್ಮ. ಎಷ್ಟು ಆಳದಿಂದ ಅಂತ ಅವರೂ ಹೇಳಿಲ್ಲ,” ಅಂದರು.

ಕೈ, ದನಿ ಎರಡೂ ಪ್ರಹ್ಲಾದರದೇ. ತಾವೇ ಬರುತ್ತೇನೆಂದರು. ಹಳೆಯ ಮಣೆ ಕಡಲು ಪಾಲಾಗಿತ್ತು. ಪೈನ್ ಹಲಗೆ ತಂದು ಹೊಸದು ಮಾಡಿದರು. ಚಿತ್ರೀಕರಣದ ದಿನ ಮರಳು ಎತ್ತುವಾಗ ಅವರು ಕಡಲ ಕಡೆ ತಿರುಗಿ ನೋಡಿ, ಅರ್ಧ ಮರಳನ್ನು ಮಣೆಯ ಹೊರಗೆ ಚೆಲ್ಲಿದರು. ಕ್ಯಾಮೆರಾದವನು ಮತ್ತೊಮ್ಮೆ ತೆಗೆಯೋಣ ಅಂದ. ನಾನು ಬೇಡವೆಂದೆ.

ವಿಡಿಯೊ ಗೆದ್ದಿತು ಎಂದು ಬರೆಯುವ ಆಸೆ ನನಗೂ ಇದೆ. ಹೆಲೆನ್‌ಳ ಲೆಕ್ಕದಲ್ಲಿ ಅದು ಸೋತಿತು. ನೋಡಿದವರು ಕಡಿಮೆ, ಆ ಹಾಳು ತುಣುಕನ್ನು ಇವತ್ತಿಗೂ ನೋಡುವವರು ಹೆಚ್ಚು. ನಿವೃತ್ತಳಾದ ಮೇಲೂ ಅದು ಆಗಾಗ ನನ್ನ ಫೋನಿಗೇ ಬರುತ್ತದೆ, ಯಾರೋ ಬುದ್ಧಿ ಹೇಳಲು ಕಳಿಸುತ್ತಾರೆ. ಆಗೆಲ್ಲ ನನಗೆ ಕೆಟ್ಟ ಸಿಟ್ಟು ಬರುತ್ತದೆ. ಆದರೆ ನಮ್ಮ ವಿಡಿಯೊ ಅಡುಗೆಮನೆಗಳ ದಾರಿಯಲ್ಲಿ ಹೋಯಿತು. ಡನೀಡಿನ್‌ನಿಂದ ಗುರುತಿಲ್ಲದ ಒಬ್ಬ ಆಂಟಿ ಫೋನ್ ಮಾಡಿ, ನದೀ ದಂಡೆಯ ಮಣ್ಣಾದರೆ ಆಗುತ್ತಾ ಎಂದು ಕೇಳಿದರು.

ವಿಸರ್ಜನೆಯ ದಿನ ನಾನು ಅದೇ ತೀರಕ್ಕೆ ಹೋದೆ. ಮನೆಯಲ್ಲಿ ಕೂರಲು ಆಗಲಿಲ್ಲ. ಕೆಲವರು ಮಣೆಯನ್ನು ದಡದಲ್ಲಿಟ್ಟು ಮರಳು ತುಂಬಿದ್ದರು. ಒಂದು ಕುಟುಂಬ ಮಾತ್ರ ಸೊಂಟದವರೆಗೆ ಇಳಿಯಿತು. ನಾನು ಕೂಗಿದೆ, ಗಾಳಿಗೆ ನನ್ನ ದನಿ ನನಗೇ ಕೇಳಲಿಲ್ಲ. ಅವರು ಹಿಂದಿರುಗಿ ಬರುವವರೆಗೆ ನೀರಿನ ಅಂಚಿನಲ್ಲೇ ನಿಂತಿದ್ದೆ. ಇಂಥ ಕೆಲಸದಲ್ಲಿ ನೆಮ್ಮದಿ ಎಂಬುದಿಲ್ಲ.

ಹೊಸ ಐಡಿಯಾ ಎಲ್ಲಿಂದ ತರುತ್ತೀರಿ ಎಂದು ಈಗಲೂ ಹುಡುಗರು ಕೇಳುತ್ತಾರೆ. ನನಗೆ ಗೊತ್ತಿರುವ ದಾರಿ ಒಂದೇ. ಪ್ರಹ್ಲಾದರ ಕಥೆ ಊರಿಗೆಲ್ಲ ಗೊತ್ತಿತ್ತು. ಅವರನ್ನು ಮಾತ್ರ ಯಾರೂ ಕೇಳಿರಲಿಲ್ಲ. ಹೋಗಿ ಕೇಳಿ ಎನ್ನುತ್ತೇನೆ.

ವಿಸರ್ಜನೆಯ ಆ ದಿನ ಪ್ರಹ್ಲಾದರೂ ಮಗಳೊಂದಿಗೆ ಬಂದಿದ್ದರು. ಗಣಪತಿ ಇರಲಿಲ್ಲ, ಬರಿಗೈ. ಒಣ ಮರಳಿನಲ್ಲಿ ನಿಂತು, ನೀರಿಗಿಳಿದವರ ಪರವಾಗಿ ತೆರೆಗಳನ್ನೇ ನೋಡುತ್ತಿದ್ದರು. ಎಲ್ಲರೂ ದಡ ಸೇರಿದ ಮೇಲೆ ಅನಘಾ ಅವರ ಹಿಂದೆ ಸ್ವಲ್ಪ ದೂರದಲ್ಲಿ ನಿಂತು ಫೋನ್ ಹೊರತೆಗೆದಳು. ಬಹಳ ಹೊತ್ತು ಅದನ್ನು ಹಿಡಿದುಕೊಂಡೇ ಇದ್ದಳು. ಆಮೇಲೆ ಗಾಳಿಗೂ ಕೇಳಿಸುವಂತೆ ಕೂಗಿದಳು.

“ಅಪ್ಪಾ, ಲುಕ್ ಹಿಯರ್!”

ಪ್ರಹ್ಲಾದರಿಗೆ ಈ ಸಲ ಕೇಳಿಸಿತು. ಅವರು ತಿರುಗಿದರು.